ಇನ್ನೂರ ಹದಿನಾಲ್ಕನೇ ಚೀಟಿ

ನಾನು ಪುಕ್ಕಲು ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು; ಮುಂದೆ ನಡೆದದ್ದನ್ನು ಕೇಳಿ ಯಾರೂ ನನ್ನನ್ನು ಗಟ್ಟಿಗಿತ್ತಿ ಎಂದುಕೊಳ್ಳಬಾರದು. ಜಿಲ್ಲಾ ಯೋಜನಾ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಗುಮಾಸ್ತೆಯಾಗಿದ್ದೇನೆ, ಇವತ್ತಿಗೂ ಮೇಲಿನ ಕಪಾಟಿನ ಕಡತ ಬೇಕಾದರೆ ಸ್ಟೂಲು ಹತ್ತುವುದಿಲ್ಲ, ಕಾವಲುಗಾರನನ್ನು ಕೂಗುತ್ತೇನೆ. ಫೋನು ಬಡಿದುಕೊಂಡರೆ ಎದೆ ಹಾರುತ್ತದೆ. ಸಾಹೇಬರು "ಸ್ವಲ್ಪ ಒಳಗೆ ಬನ್ನಿ" ಎಂದರೆ, ಬಾಗಿಲು ದಾಟುವಷ್ಟರಲ್ಲಿ ನಾನು ಮಾಡಿರಬಹುದಾದ ಏಳು ತಪ್ಪುಗಳನ್ನು ಮನಸ್ಸಿನಲ್ಲೇ ಒಪ್ಪಿಕೊಂಡಾಗಿರುತ್ತದೆ.

ಈ ಭಯಕ್ಕೆ ನಾನು ಕಂಡುಕೊಂಡ ಮದ್ದು ನಂಬರು. ನಂಬರು ಬಿದ್ದ ವಸ್ತು ಕಳೆದುಹೋಗುವುದಿಲ್ಲ. ಹೋದರೂ ಯಾವುದು ಹೋಯಿತೆಂದು ಗೊತ್ತಾಗುತ್ತದೆ. ಕಚೇರಿಯ ಕುರ್ಚಿಗಳಿಗೆ ನಂಬರು ಹಾಕಿದವಳು ನಾನು. ಕೊಡೆಗಳಿಗೆ, ಚಹಾದ ಲೋಟಗಳಿಗೆ, ಕಿಟಕಿಯ ಚಿಲಕಗಳಿಗೆ ಕೂಡ. ನನ್ನ ಹೆಸರು ಅಲ್ಲಿ ಯಾರಿಗೂ ನೆನಪಿಲ್ಲ, ಎಲ್ಲರಿಗೂ ನಾನು ನಂಬರಮ್ಮ.

ಆ ವರ್ಷ ಜಿಲ್ಲೆಗೆ ಹತ್ತು ವರ್ಷದ ಯೋಜನೆ ಬರೆಯಬೇಕು, ಅದನ್ನು ಜನರನ್ನು ಕೇಳಿಯೇ ಬರೆಯಬೇಕು ಎಂದು ಮೇಲಿನಿಂದ ಆದೇಶ ಬಂತು. ಹಿಂದಿನ ಯೋಜನೆಗಳನ್ನು ನಾವೇ ನಾಲ್ಕು ಜನ ಮೇಜಿನ ಸುತ್ತ ಕೂತು, ಜನರ ಪರವಾಗಿ ಆಸೆಪಟ್ಟು, ಬರೆದು ಮುಗಿಸಿದ್ದೆವು. ಈ ಸಲ ಪಟ್ಟಣದ ಸಭಾಭವನದಲ್ಲಿ ಸಭೆ. ಬಂದವರಿಗೆಲ್ಲ ಒಂದೊಂದು ಚೀಟಿ, ಬರೆದು ಹಾಕಲು ಒಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ನಾನೇ ಬೋರ್ಡು ಬರೆದು ಅಂಟಿಸಿದೆ: "ಹೆಸರು ಬೇಡ. ಮನಸ್ಸಿನಲ್ಲಿರುವುದನ್ನು ಬರೆಯಿರಿ." ನಮ್ಮ ಯೋಜನಾಧಿಕಾರಿ ಸಾಹೇಬರು ಒಳ್ಳೆಯ ಮನುಷ್ಯ, ಬೆನ್ನುಮೂಳೆ ಮಾತ್ರ ಸ್ವಲ್ಪ ಮೆತ್ತಗೆ. ಅವರು ಮೈಕಿನಲ್ಲಿ ಮೂರು ಸಲ ಹೇಳಿದರು: "ಯಾರು ಬರೆದರು ಅಂತ ನಾವು ಕೇಳೋದೂ ಇಲ್ಲ, ಹುಡುಕೋದೂ ಇಲ್ಲ."

ಆದರೆ ನನ್ನ ಕೈ ಸುಮ್ಮನಿರಬೇಕಲ್ಲ. ಹಿಂದಿನ ದಿನವೇ ಕೂತು ಏಳುನೂರು ಚೀಟಿಗಳ ಹಿಂಬದಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ನಂಬರು ಬರೆದಿಟ್ಟಿದ್ದೆ. ಸಭೆಯ ದಿನ ಬಾಗಿಲಲ್ಲಿ ಹಾಜರಿ ಪುಸ್ತಕ ಇಟ್ಟುಕೊಂಡು ಕೂತೆ. ಒಂದು ರುಜು, ಒಂದು ಚೀಟಿ, ಸಾಲಾಗಿ. ಎಷ್ಟು ಚೀಟಿ ಹೋಯಿತು, ಎಷ್ಟು ಬಂತು ಎಂದು ನಾಳೆ ಯಾರಾದರೂ ಕೇಳಿದರೆ ಉತ್ತರ ಇರಲಿ ಎಂದಷ್ಟೇ ನನ್ನ ಯೋಚನೆ. ಹೆಸರಿಲ್ಲದ ಚೀಟಿಗಳ ಬೆನ್ನಿಗೆ ನಾನೇ ಹೆಸರು ಕಟ್ಟುತ್ತಿದ್ದೇನೆ ಎಂಬುದು ಆ ಹೊತ್ತು ಈ ಮಂಡೆಗೆ ಹೊಳೆಯಲಿಲ್ಲ.

ಇನ್ನೊಂದು ಗುಟ್ಟು. ಮೊದಲನೇ ಚೀಟಿಯನ್ನು ನಾನೇ ತೆಗೆದುಕೊಂಡೆ. ಬಾಗಿಲು ತೆರೆಯುವ ಮುಂಚೆ, ಯಾರೂ ಇಲ್ಲದಾಗ, "ಯೋಜನಾ ಕಚೇರಿಯ ಹೆಂಗಸರ ಶೌಚಾಲಯಕ್ಕೆ ಒಳಗಿನಿಂದ ಚಿಲಕ ಬೇಕು" ಎಂದು ಬರೆದು ಪೆಟ್ಟಿಗೆಗೆ ಹಾಕಿದೆ. ಹತ್ತೊಂಬತ್ತು ವರ್ಷ ಬಾಯಿಬಿಟ್ಟು ಕೇಳಲಾಗದ್ದನ್ನು ಹೆಸರು ಬೇಡ ಎಂದ ಕೂಡಲೇ ಕೇಳಿದ್ದೆ. ಪುಸ್ತಕದಲ್ಲಿ ರುಜು ಹಾಕಲಿಲ್ಲ.

ಸಭಾಭವನ ಖಾಲಿ ಕಾಣಬಾರದೆಂದು ಎಲ್ಲ ಇಲಾಖೆಗಳಿಗೂ "ನಿಮ್ಮ ಸಿಬ್ಬಂದಿಯನ್ನು ಕಳಿಸಿ" ಎಂದು ಪತ್ರ ಹೋಗಿತ್ತು. ಸೇತುವೆ ವಿಭಾಗದಿಂದ ಹನ್ನೊಂದು ಜನ ಸಾಲಾಗಿ ಬಂದರು, ಅವರಲ್ಲಿ ನನ್ನ ತಮ್ಮನೂ ಒಬ್ಬ. ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಅಮ್ಮ ಹೋದ ಮೇಲೆ ಎತ್ತಿ ಆಡಿಸಿದವಳು ನಾನು, ಅಕ್ಷರ ತಿದ್ದಿಸಿದವಳು ನಾನು. ನನಗೆ ಮದುವೆಯಾಗಲಿಲ್ಲ, ಅದು ಬೇರೆ ಕತೆ. ಅವನಿಗೆ ಆಗಿದೆ, ಹೆಂಡತಿಗೆ ಆಗ ಏಳು ತಿಂಗಳು. ಸೇತುವೆ ವಿಭಾಗದಲ್ಲಿ ಆರು ವರ್ಷದಿಂದ ತಾತ್ಕಾಲಿಕ ಮೆಕ್ಯಾನಿಕ್ಕು. ಕಾಯಂ ಆಗುವವರ ಪಟ್ಟಿಯಲ್ಲಿ ಈ ಸಲ ಅವನ ಹೆಸರಿತ್ತು, ಸೇತುವೆ ವಿಭಾಗದ ದೊಡ್ಡ ಇಂಜಿನಿಯರರ ರುಜು ಒಂದು ಬಾಕಿ. ಅವತ್ತು ಚೀಟಿ ತೆಗೆದುಕೊಳ್ಳುವಾಗ ನನ್ನನ್ನು ನೋಡಿ ಕಣ್ಣು ಮಿಟುಕಿಸಿ, "ಏನು ಮೇಡಂ, ನನಗೂ ಮನಸ್ಸಿದೆ ಅಂತ ಒಪ್ಕೊಂಡ್ರಾ?" ಎಂದು ತಮಾಷೆ ಮಾಡಿ ಹೋದ.

ಸೋಮವಾರ ಪೆಟ್ಟಿಗೆ ಒಡೆದೆ. ವಿಂಗಡಿಸುವ ಕ್ರಮ ಸುಲಭ. ಒಂದೇ ವಿಷಯ ಹತ್ತು ಚೀಟಿಯಲ್ಲಿ ಬಂದಿದ್ದರೆ ಯೋಜನೆಯಲ್ಲಿ ಅದಕ್ಕೊಂದು ತಲೆಬರಹ. ಹತ್ತು ಮುಟ್ಟದವು "ಇತರೆ"ಗೆ. ಇತರೆ ಎಂದರೆ ನಮ್ಮ ಕಚೇರಿಯ ಭಾಷೆಯಲ್ಲಿ ಯಾರೂ ಓದದ ಕೊನೆಯ ಹಾಳೆ. ಉದ್ಯಾನ ಬೇಕೆಂದವರು ನೂರಾ ನಲವತ್ತು ಜನ. ಬೀದಿನಾಯಿ ಬೇಡವೆಂದವರು ಅರವತ್ತು. ಬೀದಿನಾಯಿಗಳಿಗೆ ಮನೆ ಕಟ್ಟಿಸಿ ಎಂದವರು ಹನ್ನೆರಡು. ಒಬ್ಬರು ಪಕ್ಕದ ಮನೆಯವರ ಕೊಳಲಿನ ಬಗ್ಗೆ ಎರಡೂ ಬದಿ ತುಂಬಿಸಿ ಬರೆದಿದ್ದರು.

ಮಧ್ಯಾಹ್ನದ ಹೊತ್ತಿಗೆ ಆ ಚೀಟಿ ಕೈಗೆ ಬಂತು.

"ನದಿ ಸೇತುವೆಯ ಎರಡನೇ ಕಂಬದ ಬುಡದಲ್ಲಿ, ನೀರಿನಿಂದ ಒಂದು ಗೇಣು ಕೆಳಗೆ, ಟೊಳ್ಳು ಬಿದ್ದಿದೆ. ಕೈ ಹಾಕಿದರೆ ಮೊಳಕೈವರೆಗೆ ಹೋಗುತ್ತದೆ. ಮೂರು ವರ್ಷದಿಂದ ಯಾರೂ ಕೆಳಗಿಳಿದು ನೋಡಿಲ್ಲ. ವರದಿ ಮಾತ್ರ ವರ್ಷಕ್ಕೆರಡು ಸಲ ಬರೆಯುತ್ತಾರೆ."

ಸಾಲುಗಳು ಬಲಕ್ಕೆ ಹೋದ ಹಾಗೆ ಕೆಳಕ್ಕೆ ಜಾರಿದ್ದವು. ಆ ಜಾರಿಕೆಗಾಗಿ ನಾನು ಒಬ್ಬನಿಗೆ ಎಷ್ಟು ಸಲ ಸ್ಕೇಲಿನಿಂದ ಬಾರಿಸಿದ್ದೆನೋ ಲೆಕ್ಕವಿಲ್ಲ. ಚೀಟಿ ತಿರುಗಿಸಿದೆ. ಇನ್ನೂರ ಹದಿನಾಲ್ಕು.

ನಮ್ಮ ಮನೆ ನದಿಯಾಚೆ. ಏಳನೇ ನಂಬರಿನ ಬಸ್ಸಿನಲ್ಲಿ ದಿನಕ್ಕೆರಡು ಸಲ ಆ ಸೇತುವೆ ದಾಟುತ್ತೇನೆ. ಅವತ್ತು ಸಂಜೆ ಬಸ್ಸು ಸೇತುವೆ ಹತ್ತಿದಾಗ ಮುಂದಿನ ಸೀಟಿನ ಸರಳು ಹಿಡಿದುಕೊಂಡೆ, ಆಚೆ ದಡ ಮುಟ್ಟುವವರೆಗೆ ಉಸಿರು ಬಿಡಲಿಲ್ಲ. ಪಕ್ಕದ ಹೆಂಗಸು ವಾಂತಿ ಬರ್ತಿದೆಯಾ ಎಂದು ಕೇಳಿ ಕಿಟಕಿ ಬಿಟ್ಟುಕೊಟ್ಟಳು. ಕಿಟಕಿಯಿಂದ ನೀರು ಇನ್ನೂ ಚೆನ್ನಾಗಿ ಕಂಡಿತು.

ತಮ್ಮ ಹಿತ್ತಲಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ, "ಸೇತುವೆ ಕೆಳಗೆ ಯಾವಾಗ ಇಳಿದಿದ್ದೆ?"

ಅವನು ಸೋಪು ಕೆಳಗಿಟ್ಟ. "ಓದಿದ್ಯಾ?"

"ಮೊದಲು ಹೇಳು."

"ಎರಡು ತಿಂಗಳಾಯ್ತು. ಕಟಕಟೆ ಬೋಲ್ಟು ಬಿಗೀತಿದ್ದೆ, ಸ್ಪ್ಯಾನರ್ ಜಾರಿ ಬಿತ್ತು. ಯಾರೂ ನೋಡ್ತಿರಲಿಲ್ಲ, ಏಣೀಲಿ ಇಳಿದೆ. ನೀರಲ್ಲಿ ತಡಕಾಡ್ತಾ ಇದ್ರೆ ಕೈ ಒಳಗೇ ಹೋಯ್ತು." ಅವನು ತನ್ನ ಮೊಳಕೈ ಮುಟ್ಟಿ ತೋರಿಸಿದ. "ಅಕ್ಕ, ಎರಡು ತಿಂಗಳಿಂದ ನಿದ್ದೆ ಇಲ್ಲ ನನಗೆ. ನೀನು ದಿನಾ ಆ ಬಸ್ಸಲ್ಲಿ ಹೋಗ್ತೀಯ."

"ನಿಮ್ಮ ಇಂಜಿನಿಯರಿಗೆ ಹೇಳಬಹುದಿತ್ತಲ್ಲ?"

"ಆ ವರದಿಗಳಿಗೆ ರುಜು ಹಾಕೋರೇ ಅವರು. ಅವರಿಗೆ ಹೇಳಿ ಅವರ ಕೈಲೇ ಕಾಯಂ ರುಜು ಹಾಕಿಸ್ಕೊಳ್ಳೋದಾ?" ಅವನು ನಕ್ಕ. "ಅದಕ್ಕೇ ಚೀಟೀಲಿ ಬರೆದೆ. ಹೆಸರು ಬೇಡ ಅಂತ ನೀನೇ ಅಲ್ವಾ ಬೋರ್ಡು ಬರೆದಿದ್ದು?"

ನಂಬರಿನ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ.

ಮಾರನೆಯ ದಿನ ಆ ಚೀಟಿಯನ್ನು ಕೈಚೀಲಕ್ಕೆ ಹಾಕಿಕೊಂಡು ಬಿಡೋಣ ಎಂದುಕೊಂಡೆ. ಹಾಕಿಕೊಂಡೆ ಕೂಡ. ಆದರೆ ಇನ್ನೂರ ಹದಿಮೂರು, ಇನ್ನೂರ ಹದಿನೈದು ಎಂದು ಜೋಡಿಸುವಾಗ ನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ಜಾಗ ಕಂಡಿತು. ಯಾರಾದರೂ ಎಣಿಸಿದರೆ ಆ ಒಂದೇ ಚೀಟಿಯನ್ನು ಮೊದಲು ಹುಡುಕುತ್ತಾರೆ. ಅಲ್ಲದೆ ಚೀಟಿ ಹೋದರೆ ಟೊಳ್ಳು ಮುಚ್ಚುತ್ತದೆಯೇ? ಸಂಜೆ ಮತ್ತೆ ಆ ಬಸ್ಸು ಹತ್ತಬೇಕಲ್ಲ. ಚೀಟಿ ವಾಪಸ್ಸು ಇಟ್ಟೆ. ಎಲ್ಲ ಚೀಟಿಗಳನ್ನೂ, ಇತರೆಯನ್ನೂ ಸೇರಿಸಿ, ಟೈಪು ಮಾಡಿ ಇಲಾಖೆಗಳ ಉತ್ತರಕ್ಕೆ ಕಳಿಸಬೇಕೆಂದು ನಿಯಮ. ಟೈಪು ಮಾಡಿ ಕಳಿಸಿದೆ. ಯಾರೂ ಓದದ ಕೊನೆಯ ಹಾಳೆಯನ್ನು ಈ ಸಲ ಯಾರೋ ಓದಲಿ ಎಂದೂ ಬೇಡಿಕೊಂಡೆ, ಓದದಿರಲಿ ಎಂದೂ ಬೇಡಿಕೊಂಡೆ.

ಎರಡು ದಿನ ಬಿಟ್ಟು ದೊಡ್ಡ ಇಂಜಿನಿಯರು ತಾವೇ ನನ್ನ ಕೋಣೆಗೆ ಬಂದರು. ಬಹಳ ಮೆತ್ತಗೆ ಮಾತಾಡುವ ಮನುಷ್ಯ. ಅವರು ಗದರಿದ್ದನ್ನು ಯಾರೂ ಕೇಳಿಲ್ಲ, ಆದರೂ ಅವರ ಕೈಕೆಳಗಿನವರು ಅವರ ಚಪ್ಪಲಿ ಸದ್ದಿಗೆ ಎದ್ದು ನಿಲ್ಲುತ್ತಾರೆ. ನಾನೂ ಎದ್ದು ನಿಂತೆ.

"ಕೂತ್ಕೊಳ್ಳಿ ಅಮ್ಮಾ. ಆ ಸೇತುವೆ ಚೀಟಿ ಒಂದು ನಿಮಿಷ ನೋಡ್ಬಹುದಾ?"

ಕೊಟ್ಟೆ. ಓದಿದರು. ಬೆಳಕಿಗೆ ಹಿಡಿದರು. ಆಮೇಲೆ ತಿರುಗಿಸಿದರು.

"ಇದೇನು, ನಂಬರು?"

"ಎಣಿಕೆಗೆ ಸಾರ್."

ಅವರು ಇನ್ನೆರಡು ಚೀಟಿ ತಿರುಗಿಸಿ ನೋಡಿದರು. "ಬಾಗಿಲಲ್ಲಿ ಪುಸ್ತಕದಲ್ಲಿ ರುಜು ಹಾಕಿಸ್ಕೊಂಡು ಒಂದೊಂದೇ ಕೊಟ್ರಿ ಅಲ್ವಾ?" ಮೆಲ್ಲಗೆ ನಕ್ಕರು. "ಎಷ್ಟು ಅಚ್ಚುಕಟ್ಟು ನೀವು! ಆ ಪುಸ್ತಕ ಎಲ್ಲಿದೆ?"

ಬೀರುವಿನಲ್ಲಿತ್ತು. ಬೀರುವಿನ ಬೀಗದಕೈ ನನ್ನ ಕೈಚೀಲದಲ್ಲಿತ್ತು. "ಬೀರುವಿನಲ್ಲಿದೆ. ಬೀಗದಕೈ ಸಾಹೇಬರ ಹತ್ರ ಇದೆ ಸಾರ್, ಅವರು ನಾಳೆ ಬರ್ತಾರೆ" ಎಂದೆ. ಹುಟ್ಟಿದ ಮೇಲೆ ಮೇಲಧಿಕಾರಿಗೆ ಹೇಳಿದ ಮೊದಲ ಸುಳ್ಳು.

"ಸರಿ, ನಾಳೆ ಬೆಳಿಗ್ಗೆ. ಸುಮ್ಮನೆ ಒಂದು ಕುತೂಹಲ" ಎಂದು ಹೋದರು.

ಬಾಗಿಲು ಹಾಕಿಕೊಂಡು ರಬ್ಬರು ಹಿಡಿದು ಕೂತೆ. ಆ ಒಂದು ನಂಬರು ಅಳಿಸಿದರೆ ಅದೇ ಸಾಕ್ಷಿಯಾಗುತ್ತದೆ, ಅಳಿಸಿದರೆ ಎಲ್ಲವನ್ನೂ ಅಳಿಸಬೇಕು. ಮೂವತ್ತು ಚೀಟಿ ಉಜ್ಜುವಷ್ಟರಲ್ಲಿ ಮೇಜೆಲ್ಲ ರಬ್ಬರಿನ ಹುಡಿ. ಅಳಿಸಿದ ಒಂದನ್ನು ಕಿಟಕಿಯ ಕಡೆ ಓರೆಯಾಗಿ ಹಿಡಿದೆ. ನಂಬರು ಕಾಗದದಲ್ಲಿ ಕೊರೆದ ಹಾಗೆ ಸ್ಪಷ್ಟವಾಗಿ ಕಂಡಿತು. ನಾನು ಪೆನ್ಸಿಲು ಒತ್ತಿ ಬರೆಯುವವಳು. ಅಳಿಸಿಹೋದೀತೆಂಬ ಭಯಕ್ಕೇ ಒತ್ತಿ ಬರೆಯುವವಳು. ಹುಡಿಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಪುಸ್ತಕವನ್ನೇ ಕಾಣೆ ಮಾಡೋಣವೆಂದರೆ ಅದು ಎಲ್ಲಿದೆಯೆಂದು ಈಗಷ್ಟೇ ನನ್ನ ಬಾಯಿಂದಲೇ ಹೇಳಿದ್ದೆ.

ಮರುದಿನ ಬೆಳಿಗ್ಗೆ ಬೀರು ತೆಗೆಯಲೇಬೇಕಾಯಿತು. ಇಂಜಿನಿಯರು ಪುಸ್ತಕವನ್ನು ನನ್ನ ಮೇಜಿನ ಮೇಲೇ ಬಿಡಿಸಿದರು. ಸಾಹೇಬರು ಬಾಗಿಲಲ್ಲಿ ನಿಂತು, "ನಾವು ಹುಡುಕೋದಿಲ್ಲ ಅಂತ ಹೇಳಿದ್ವಲ್ಲ..." ಎಂದು ಅರ್ಧ ಹೇಳಿ, ಉಳಿದರ್ಧ ನುಂಗಿಕೊಂಡರು. ಇಂಜಿನಿಯರರ ಬೆರಳು ಸಾಲುಗಳ ಮೇಲೆ ಇಳಿಯುತ್ತಾ ಹೋಯಿತು. ಇನ್ನೂರ ಹತ್ತು. ಹನ್ನೆರಡು. ನಾನು ಕಣ್ಣು ಮುಚ್ಚಿಕೊಂಡು ತಮ್ಮನ ಹೆಸರಿಗೆ ಕಾದೆ.

"ಓಹೋ, ಗ್ರೀಸಣ್ಣನಾ?" ಎಂದರು ಅವರು.

ಕಣ್ಣು ಬಿಟ್ಟೆ. ಇನ್ನೂರ ಹದಿನಾಲ್ಕನೇ ಸಾಲಿನಲ್ಲಿ ಗ್ರೀಸಣ್ಣನ ಸೊಟ್ಟ ರುಜು. ಅದರ ಮೇಲಿನ ಸಾಲು, ಇನ್ನೂರ ಹದಿಮೂರು, ನನ್ನ ತಮ್ಮನದು. ಆಗ ಅರ್ಥವಾಯಿತು. ಮೊದಲನೇ ಚೀಟಿ ರುಜು ಇಲ್ಲದೆ ನಾನೇ ತೆಗೆದುಕೊಂಡಿದ್ದೆ. ಮೊದಲು ರುಜು ಹಾಕಿದವರಿಗೆ ಹೋದದ್ದು ಎರಡನೇ ಚೀಟಿ. ಅಲ್ಲಿಂದ ಮುಂದೆ ಪ್ರತಿಯೊಂದೂ ಒಂದು ಮನೆ ಮುಂದಕ್ಕೆ ಸರಿದಿತ್ತು; ಇನ್ನೂರ ಹದಿಮೂರನೇ ಸಾಲಿನವನ ಕೈಗೆ ಇನ್ನೂರ ಹದಿನಾಲ್ಕನೇ ಚೀಟಿ. ನನ್ನ ಶೌಚಾಲಯದ ಚಿಲಕ ತಮ್ಮನನ್ನು ಉಳಿಸಿತ್ತು.

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನನಗೆ ಆ ಕ್ಷಣ ಕುಣಿಯುವಷ್ಟು ಸಂತೋಷವಾಯಿತು.

ಗ್ರೀಸಣ್ಣ ಸೇತುವೆ ವಿಭಾಗದ ಹಳೇ ಮೆಕ್ಯಾನಿಕ್ಕು, ನಿವೃತ್ತಿಗೆ ಆರು ತಿಂಗಳಿದ್ದವನು. ಕೈಯ ಗೆರೆಗಳಲ್ಲಿ ನಲವತ್ತು ವರ್ಷದ ಗ್ರೀಸು ಕೂತಿದೆ. ನನ್ನ ತಮ್ಮನಿಗೆ ಕೆಲಸ ಕಲಿಸಿದವನೂ ಅವನೇ. ಎರಡು ದಿನದ ಮೇಲೆ ನನ್ನ ಕೋಣೆಯ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತ.

"ತಾಯಿ, ಒಂದು ಮಾತು ಕೇಳ್ಲಾ? ನಾನು ಚೀಟೀಲಿ ಬರೆದಿದ್ದು ಬಸ್ ಸ್ಟಾಪಿಗೆ ನೆರಳು ಬೇಕು ಅಂತ. ನೆರಳು ಕೇಳೋದು ತಪ್ಪಾ?"

"ಏನಾಯ್ತು ಗ್ರೀಸಣ್ಣ?"

"ಗೋದಾಮಿಗೆ ಹಾಕಿದ್ದಾರೆ. ವಿಚಾರಣೆ ಅಂತೆ, ಕೆಲಸದಿಂದ ತೆಗೆದ್ರೂ ತೆಗೀಬಹುದಂತೆ. ಒಂದು ಕಾಗದಕ್ಕೆ ರುಜು ಹಾಕಿಸ್ಕೊಂಡ್ರು, ತಿಳೀದೆ ಬರೆದೆ, ಕ್ಷಮಿಸಿ ಅಂತ ಇತ್ತು ಅದ್ರಲ್ಲಿ. ಹಾಕಿದೆ. ಏನು ಮಾಡ್ಲಿ, ಆರೇ ತಿಂಗಳು ಉಳಿದಿರೋದು." ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ನೆರಳು ಬೇಡ ಅಂತ ಈಗ ಬರೆದುಕೊಡ್ಲಾ ತಾಯಿ?"

ಅವನ ಚೀಟಿ, ಇನ್ನೂರ ಹದಿನೈದು, ನನ್ನ ಮೇಜಿನ ಮೇಲೇ ಇತ್ತು. ದಪ್ಪ ಅಕ್ಷರಗಳ ಮೇಲೆ ಗ್ರೀಸಿನ ಒಂದು ಬೆರಳಚ್ಚು. ನಾನು ಬಾಯಿ ತೆರೆದರೆ ಇಂಜಿನಿಯರರ ಬೆರಳು ಒಂದು ಸಾಲು ಮೇಲಕ್ಕೆ, ತಮ್ಮನ ಹೆಸರಿಗೆ ಹೋಗುತ್ತದೆ, ಅಷ್ಟೇ. "ಏನೂ ಆಗಲ್ಲ, ಹೋಗಿ" ಎಂದು ಅವನನ್ನು ಕಳಿಸಿದೆ. ಆಮೇಲೆ ಚಿಲಕವಿಲ್ಲದ ಶೌಚಾಲಯಕ್ಕೆ ಹೋಗಿ, ಬಾಗಿಲನ್ನು ಕಾಲಿನಿಂದ ಒತ್ತಿಹಿಡಿದು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದೆ.

ಅವತ್ತು ಸಂಜೆ ತಮ್ಮ ಊಟಕ್ಕೆ ಕೂರಲಿಲ್ಲ. "ಅಕ್ಕ, ಗ್ರೀಸಣ್ಣಂದೇ ಅಂತ ಅವರಿಗೆ ಯಾರು ಹೇಳಿದ್ರು?" ಎಂದ. ಅವನ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ನಾನು ನಂಬರಿನ ಕತೆಯನ್ನೆಲ್ಲ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನು ಹೋಗಿ ಒಪ್ಕೊಳ್ತೀನಿ" ಎಂದ. ಹೆಂಡತಿ ಅಳತೊಡಗಿದಳು. "ನಾಡಿದ್ದು ಸಮಿತಿ ಸಭೆ ಇದೆ, ಅಲ್ಲಿವರೆಗೆ ಬಾಯಿ ಮುಚ್ಕೊಂಡಿರು. ಇದು ಅಕ್ಕ ಮಾಡಿದ ರಾಡಿ" ಎಂದೆ. ಏನು ಮಾಡುತ್ತೇನೆಂದು ನನಗೆ ಗೊತ್ತಿರಲಿಲ್ಲ.

ಯೋಜನೆಯ ಕರಡನ್ನು ನಾಗರಿಕ ಸಮಿತಿ ಒಪ್ಪಿ ರುಜು ಹಾಕಬೇಕು. ಸಮಿತಿಯ ಅಧ್ಯಕ್ಷೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಈಗಲೂ ಅವರು ಕನ್ನಡಕದ ಮೇಲಿನಿಂದ ನೋಡಿದರೆ ಇಲಾಖೆಯ ದೊಡ್ಡವರು ಕೂಡ ಉಗುರು ಕತ್ತರಿಸಿದೆಯೋ ಇಲ್ಲವೋ ಎಂದು ತಮ್ಮ ಕೈ ನೋಡಿಕೊಳ್ಳುತ್ತಾರೆ. ಉದ್ದದ ಮೇಜು, ನೀರಿನ ಲೋಟಗಳು, ಮೂಲೆಯಲ್ಲಿ ಕಿರುಗುಟ್ಟುವ ಫ್ಯಾನು. ಇಂಜಿನಿಯರರ ಹಿಂದೆ ನಕ್ಷೆ ಹಿಡಿದುಕೊಂಡು ಅವರ ವಿಭಾಗದ ನಾಲ್ವರು ನಿಂತಿದ್ದರು. ಕೊನೆಯವನು ನನ್ನ ತಮ್ಮ.

ಚೀಟಿಗಳನ್ನು ಓದುವ ಕೆಲಸ ನನ್ನದು. ಇತರೆ ಬಂದಾಗ ಸಾಹೇಬರು ಮೆಲ್ಲಗೆ, "ಇನ್ನೂರ ಹದಿನಾಲ್ಕು ಬಿಟ್ಟು ಮುಂದಕ್ಕೆ ಹೋಗಿ" ಎಂದರು.

"ಯಾಕೆ ಬಿಡಬೇಕು?" ಎಂದರು ಮುಖ್ಯೋಪಾಧ್ಯಾಯಿನಿ.

"ಬರೆದವರು ಕ್ಷಮೆ ಕೇಳಿ ವಾಪಸ್ ತಗೊಂಡಿದ್ದಾರೆ ಮೇಡಂ" ಎಂದರು ಇಂಜಿನಿಯರು. "ಪಾಪ, ತಿಳಿವಳಿಕೆ ಇಲ್ಲದವರು. ಕಾಗದ ಇದೆ ನನ್ನ ಹತ್ರ."

ತಮ್ಮನ ಕೈಯ ನಕ್ಷೆ ಅಲುಗಿತು. ಅವನು ಬಾಯಿ ತೆರೆಯುವುದರಲ್ಲಿದ್ದ. ನಾನು ಎದ್ದು ನಿಂತೆ. ಮೊಣಕಾಲು ಮೇಜಿಗೆ ಬಡಿದು ಲೋಟಗಳು ಗಲಗಲ ಎಂದವು.

"ಆ ಚೀಟಿ ಗ್ರೀಸಣ್ಣನದಲ್ಲ. ನನ್ನದು."

ಹಾಜರಿ ಪುಸ್ತಕವನ್ನು ಮೇಜಿನ ನಡುವಿಗೆ ತಳ್ಳಿದೆ.

"ಪುಸ್ತಕದಲ್ಲಿ ಆರುನೂರ ಹತ್ತು ರುಜು ಇವೆ. ಚೀಟಿ ಆರುನೂರ ಹನ್ನೊಂದು. ಎಣಿಸಿ ನೋಡಿ. ರುಜು ಹಾಕದೆ ಒಂದು ಚೀಟಿ ತಗೊಂಡವಳು ನಾನು. ಹೆಚ್ಚಿಗೆ ಇರೋ ಆ ಒಂದು, ಇದು."

ಮುಖ್ಯೋಪಾಧ್ಯಾಯಿನಿ ಚೀಟಿಗಳ ಕಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು. ಎಲ್ಲಕ್ಕಿಂತ ಮೇಲೆ ಒಂದನೇ ನಂಬರಿನ ಚೀಟಿ, ಶೌಚಾಲಯದ ಚಿಲಕ. ಅದನ್ನು ಓದಿದರು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು, ಅದನ್ನು ಕಟ್ಟಿನ ಅಡಿಗೆ ಸೇರಿಸಿದರು. ಕೊನೆಯ ಚೀಟಿಯ ನಂಬರನ್ನೂ ಪುಸ್ತಕದ ಕೊನೆಯ ಸಾಲನ್ನೂ ನೋಡಿ, "ಲೆಕ್ಕ ಸರಿ ಇದೆ" ಎಂದರು.

ಇಂಜಿನಿಯರರಿಗೆ ನಿಜವಾಗಿಯೂ ನಗು ಬಂತು. "ಅಮ್ಮಾ, ನೀವು ಸ್ಟೂಲು ಹತ್ತೋದಿಲ್ಲ ಅಂತ ಇಡೀ ಕಚೇರಿಗೆ ಗೊತ್ತು. ಸೇತುವೆ ಕಂಬ ಇಳಿದು ನೀರಲ್ಲಿ ಕೈ ಹಾಕಿದ್ರಾ?"

"ಹಾಕಿದ್ದೆ."

"ಇನ್ನೊಂದ್ಸಲ ಹಾಕಿ ತೋರಿಸ್ತೀರಾ?"

"ಒಳ್ಳೇದಾಯ್ತು" ಎಂದು ಮುಖ್ಯೋಪಾಧ್ಯಾಯಿನಿ ಚೀಲ ಹೆಗಲಿಗೇರಿಸಿದರು. "ಹತ್ತು ನಿಮಿಷದ ದಾರಿ. ಎಲ್ಲರೂ ನಡೀರಿ."

ಆ ಹತ್ತು ನಿಮಿಷ ನಾನು ಹೇಗೆ ನಡೆದೆನೋ ಕಾಣೆ. ಅಂಗಡಿಗಳು, ಟೈರು ಗಾಳಿ ತುಂಬುವವನ ಹಳೇ ಮಿಷನ್ನು, ಶಾಲೆಯ ಗೋಡೆ, ಎಲ್ಲ ಕಣ್ಣಿಗೆ ಬೀಳುತ್ತಿದ್ದವು, ತಲೆಗೆ ಹೋಗುತ್ತಿರಲಿಲ್ಲ. ಸೇತುವೆಯ ಮೇಲೆ ಎರಡನೇ ಕಂಬದ ನೇರಕ್ಕೆ ಕಟಕಟೆಯಲ್ಲಿ ಒಂದು ಗೇಟು. ಅದರಾಚೆ ಕಂಬದ ಮೈಗೆ ಬಡಿದ ಕಬ್ಬಿಣದ ಮೆಟ್ಟಿಲುಗಳು. ಅವುಗಳ ನಡುವಿನಿಂದ ಕೆಳಗೆ ಹಸಿರು ನೀರು ಕಂಡಿತು. ಸೊಂಟಕ್ಕೆ ಹಗ್ಗ ಕಟ್ಟಲು ತಮ್ಮ ಮುಂದೆ ಬಂದ. "ಬೇಡ ಅಕ್ಕ, ಹೇಳಿಬಿಡ್ತೀನಿ" ಎಂದು ಪಿಸುಗುಟ್ಟಿದ. "ಗಂಟು ಬಿಗಿಯಾಗಿ ಹಾಕು" ಎಂದೆ.

ಗೇಟಿನ ಆಚೆ ಕಾಲಿಟ್ಟೆ. ಎಣಿಸತೊಡಗಿದೆ. ನನಗೆ ಗೊತ್ತಿರುವುದು ಅದೊಂದೇ. ಒಂದು, ಎರಡು, ಮೂರು. ಕಬ್ಬಿಣದ ತುಕ್ಕು ಅಂಗೈಗೆ ಚುಚ್ಚುತ್ತಿತ್ತು. ಏಳಕ್ಕೆ ಕಾಲು ಮುಂದಕ್ಕೆ ಹೋಗದೆ ನಿಂತುಬಿಟ್ಟಿತು. ಮೇಲಿನಿಂದ ಯಾರೋ "ಸಾಕು ಹತ್ತಿ ಬನ್ನಿ" ಎಂದರು, ಸಾಹೇಬರಿರಬೇಕು. ಎಂಟು. ಒಂಬತ್ತು. ಹತ್ತು.

"ಅಕ್ಕ! ಹನ್ನೊಂದು ಬಿಟ್ಟು ಹನ್ನೆರಡಕ್ಕೆ ಕಾಲಿಡು! ಹನ್ನೊಂದು ಸಡಿಲ!"

ಇಳಿಯುತ್ತಿದ್ದ ಕಾಲನ್ನು ಗಾಳಿಯಲ್ಲೇ ತಡೆದು ಕೆಳಕ್ಕೆ ಚಾಚಿದೆ. ಹನ್ನೆರಡು ಸಿಕ್ಕಿತು. ಮೊಣಕಾಲು ಹನ್ನೊಂದಕ್ಕೆ ತಗುಲಿದಾಗ ಅದು ಕಿರ್ರೆಂದು ತಿರುಗಿತು.

ಮೇಲೆ ಇಂಜಿನಿಯರರ ಮೆತ್ತನೆ ದನಿ ಕೇಳಿಸಿತು. "ನಿನಗೆ ಹೇಗಪ್ಪಾ ಗೊತ್ತು?"

ತಮ್ಮ ಏನು ಹೇಳಿದನೋ ಕೇಳಿಸಲಿಲ್ಲ. ಇನ್ನು ಏನಾದರಾಗಲಿ ಎಂದು ಬೇಗಬೇಗ ಇಳಿದೆ. ಕಂಬದ ಬುಡದಲ್ಲಿ ಒಂದು ಅಡಿ ಅಗಲದ ಕಟ್ಟೆ, ಅದರ ಮೇಲೆ ಮೊಣಕಾಲುದ್ದ ನೀರು. ನೀರು ತಣ್ಣಗೆ ಕಾಲುಗಳನ್ನು ಪಕ್ಕಕ್ಕೆ ಎಳೆಯುತ್ತಿತ್ತು. ಒಂದು ಕೈಯಲ್ಲಿ ಮೆಟ್ಟಿಲು ಹಿಡಿದು, ಬಗ್ಗಿ, ಇನ್ನೊಂದು ಕೈಯನ್ನು ಒಂದು ಗೇಣು ಕೆಳಗೆ ತಡವಿದೆ. ಪಾಚಿ, ಕಲ್ಲು, ಮತ್ತೆ ಪಾಚಿ. ಆಮೇಲೆ ಏನೂ ಇಲ್ಲ.

ಕೈ ಒಳಗೆ ಹೋಯಿತು. ಮಣಿಕಟ್ಟು. ಮೊಳಕೈ. ಅಲ್ಲಿಗೆ ನಿಲ್ಲುತ್ತದೆಂದುಕೊಂಡೆ, ನಿಲ್ಲಲಿಲ್ಲ. ಕೆನ್ನೆ ಒದ್ದೆ ಗೋಡೆಗೆ ತಗುಲಿತು, ಭುಜ ಕಲ್ಲಿಗೆ ಒತ್ತಿತು, ಬೆರಳ ತುದಿಗೆ ಇನ್ನೂ ನೀರೇ. ಒಳಗೆ ನೀರು ಮೆಲ್ಲಗೆ ಹೋಗಿ ಬಂದು ಮಾಡುತ್ತಿತ್ತು.

"ಎಷ್ಟು?" ಮುಖ್ಯೋಪಾಧ್ಯಾಯಿನಿ ಕಟಕಟೆಯಿಂದ ಬಗ್ಗಿ ಕೂಗಿದರು.

"ಭುಜದವರೆಗೆ!" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ತಳ ಸಿಗ್ತಿಲ್ಲ!"

ಮೆಟ್ಟಿಲುಗಳ ಮೇಲೆ ಸದ್ದಾಯಿತು. ತಮ್ಮ ಹಗ್ಗವಿಲ್ಲದೆ ಇಳಿದುಬರುತ್ತಿದ್ದ, ಹನ್ನೊಂದನ್ನು ನೋಡದೆಯೇ ದಾಟಿದ. ನನ್ನ ಪಕ್ಕದಲ್ಲಿ ನೀರಿಗೆ ಇಳಿದು, ನನ್ನ ಕೈ ಹೊರಗೆಳೆದು, ಅದೇ ಜಾಗಕ್ಕೆ ತನ್ನ ಕೈ ತೂರಿಸಿದ. ಅವನ ಕೈ ನನ್ನದಕ್ಕಿಂತ ಉದ್ದ. ಅದೂ ಭುಜದವರೆಗೆ ಹೋಯಿತು. ಅವನ ತುಟಿ ಬಣ್ಣಗೆಟ್ಟಿತು. ನಾನು "ಸುಮ್ಮನಿರು" ಎಂದು ಅವನ ಅಂಗಿ ಹಿಡಿದುಕೊಂಡೆ, ಅವನು ಮೇಲೆ ನೋಡಿ ಎಲ್ಲರಿಗೂ ಕೇಳುವ ಹಾಗೆ ಕೂಗಿದ:

"ಎರಡು ತಿಂಗಳ ಹಿಂದೆ ನಾನು ಕೈ ಹಾಕಿದಾಗ ಮೊಳಕೈವರೆಗೆ ಮಾತ್ರ ಹೋಗಿತ್ತು!"

ಮೇಲೆ ಕಟಕಟೆಯ ಸಾಲಿನಲ್ಲಿ ಮುಖಗಳು ಮಾತ್ರ ಕಂಡವು. ಆಗ ಮೆಟ್ಟಿಲು ಹಿಡಿದಿದ್ದ ನನ್ನ ಕೈಗೆ ಕಂಬದ ಒಳಗಿನಿಂದ ಸಣ್ಣ ನಡುಕ ತಗುಲಿತು, ಆಮೇಲೆ ದೊಡ್ಡದಾಯಿತು. ಆಚೆ ದಡದಿಂದ ಏಳನೇ ನಂಬರಿನ ಬಸ್ಸು ಸೇತುವೆ ಹತ್ತಿತ್ತು. ಶಾಲೆ ಬಿಡುವ ಹೊತ್ತು, ಬಾಗಿಲಲ್ಲೂ ಜನ ನೇತಾಡುತ್ತಿರುತ್ತಾರೆ.

ಮೊದಲು ಓಡಿದವರು ದೊಡ್ಡ ಇಂಜಿನಿಯರು. ಸೇತುವೆಯ ನಟ್ಟನಡುವೆ, ಎರಡೂ ಕೈ ಮೇಲಕ್ಕೆತ್ತಿ, ಬಸ್ಸಿಗೆ ಎದುರಾಗಿ ಓಡುತ್ತಾ, "ನಿಲ್ಸೋ! ಬರಬೇಡ! ಹಿಂದಕ್ಕೆ ಹೋಗೋ!" ಎಂದು ಗಂಟಲು ಹರಿಯುವ ಹಾಗೆ ಅರಚುತ್ತಿದ್ದರು. ಅವರು ಗದರಿದ್ದನ್ನು ಊರು ಮೊದಲ ಸಲ ಕೇಳಿತು. ಬ್ರೇಕಿನ ಕಿರುಚು ಕೇಳಿಸಿತು. ಕಂಬ ಒಮ್ಮೆ ನಡುಗಿ ಸುಮ್ಮನಾಯಿತು.

ನಾವಿಬ್ಬರೂ ಒದ್ದೆಯಾಗಿ, ಮೆಟ್ಟಿಲು ಹಿಡಿದು, ಒಬ್ಬರನ್ನೊಬ್ಬರು ನೋಡಿಕೊಂಡೆವು. ಅವನ ಕೆಲಸ, ಗ್ರೀಸಣ್ಣನ ಕೆಲಸ, ನನ್ನದು, ಯಾವುದನ್ನು ಕಸಿಯಬೇಕೆಂದರೂ ಇನ್ನು ಆ ಇಂಜಿನಿಯರು ತಮ್ಮದೇ ಈ ಕೂಗನ್ನು ದಾಟಿ ಬರಬೇಕಿತ್ತು. ಅದು ನಾಳಿನ ಮಾತು. ಈಗ ನಮಗಿದ್ದದ್ದು ಒಂದೇ ದಾರಿ, ಈ ಟೊಳ್ಳು ಕಂಬದ ಮೈ ಹಿಡಿದು, ಅದು ಹೊತ್ತಿರುವ ಸೇತುವೆಗೇ ಹತ್ತುವುದು.

"ನೀನು ಮೊದಲು ಹತ್ತು ಅಕ್ಕ" ಎಂದ ತಮ್ಮ. "ನಿಧಾನಕ್ಕೆ. ನಾನು ಕೆಳಗಿದ್ದೀನಿ."

ಮೆಟ್ಟಿಲಿಗೆ ಕಾಲಿಟ್ಟು ನಾನು ಮತ್ತೆ ಒಂದರಿಂದ ಎಣಿಸತೊಡಗಿದೆ.